ನಿದ್ದೆಯಿಂದೆದ್ದ ಮೇಲಿನ ಸುತ್ತು

ನಮ್ಮೂರು ಲೋಮಾ ಸೆಕಾದಲ್ಲಿ ಡೊರಿಲಾಳಿಗೆ ಮೊಟ್ಟೆ ಮಾರುವುದೆಂದರೆ ಅರ್ಧ ದಿನದ ಕೆಲಸ. ಒಂದೊಂದನ್ನೂ ಅವಳು ಬಿಸಿಲಿಗೆ ಹಿಡಿದು ನೋಡುವಳು, ಕಿವಿಯ ಹತ್ತಿರ ಅಲುಗಿಸುವಳು, ನೀರಲ್ಲಿ ಮುಳುಗಿಸುವಳು, ಅಷ್ಟೆಲ್ಲ ಆದ ಮೇಲೂ "ಇದು ನಿಮ್ಮ ಕೋಳಿದೇನಾ?" ಎಂದು ಕೇಳುವಳು. ಮದುವೆಯ ದಿನ ಪಾದ್ರಿಯ ಎದುರಿಗೇ ಉಂಗುರವನ್ನು ಹಲ್ಲಿನಲ್ಲಿ ಕಚ್ಚಿ ನೋಡಿದವಳು ಅವಳು. ಗಂಡ ಎಲಿಯೊದೊರೊ ಇಪ್ಪತ್ತಾರು ವರ್ಷ ಮೀನು ಹಿಡಿಯಲು ಹೋಗುತ್ತೇನೆಂದು ಹೇಳಿ ಮೀನು ಹಿಡಿಯಲಿಕ್ಕೇ ಹೋದ. ಇಪ್ಪತ್ತಾರು ವರ್ಷವೂ ಅವಳು ಅವನ ಅಂಗಿ ಮೂಸಿ ನೋಡಿದಳು. ಮೀನಿನ ವಾಸನೆ ಬಿಟ್ಟರೆ ಬೇರೇನೂ ಸಿಗಲಿಲ್ಲ. ಆ ಪುಣ್ಯಾತ್ಮನನ್ನು ಮಣ್ಣು ಮಾಡಿ ಬಂದ ದಿನ ಡೊರಿಲಾ ಹೇಳಿದ್ದು ಒಂದೇ ಮಾತು: "ಬಹಳ ಹುಷಾರಿನ ಮನುಷ್ಯ."

ಈ ಅನುಮಾನ ಅವಳಿಗೆ ಊಟಕ್ಕೆ ದಾರಿ ಮಾಡಿಕೊಟ್ಟದ್ದು ಟೋಪಿಯಲ್ಲಿ. ನಮ್ಮಲ್ಲಿ ಹೆಂಗಸರು ತೋಕಿಯಾ ಹುಲ್ಲನ್ನು ಉಗುರಿನಿಂದ ಸೀಳಿ, ಮರದ ಅಚ್ಚಿನ ಮೇಲೆ ಎದೆಯೂರಿ ಬಾಗಿ ನಿಂತು, ಕೂದಲಿನಷ್ಟು ಸಣ್ಣ ಎಳೆಯಲ್ಲಿ ಟೋಪಿ ನೇಯುತ್ತಾರೆ. ಒಂದು ಒಳ್ಳೆಯ ಟೋಪಿಗೆ ನಾಲ್ಕೈದು ತಿಂಗಳು ಬೇಕು. ಕೈ ಇಡೀ ಹೊತ್ತು ಒದ್ದೆಯಿರಬೇಕು; ಬಿಸಿಲೇರಿದರೆ ಎಳೆ ಒಣಗಿ ಪಟ್ಟನೆ ಮುರಿಯುತ್ತದೆ. ಹಾಗಾಗಿ ಕೆಲಸವೆಲ್ಲ ಬೆಳಗಿನ ತಂಪಿನಲ್ಲಿ ಇಲ್ಲವೇ ಸಂಜೆ, ನಡುಮಧ್ಯಾಹ್ನ ಊರಿಗೆ ಊರೇ ತೂಗುಮಂಚದಲ್ಲಿ. ಡೊರಿಲಾ ಯಾವ ಟೋಪಿಯನ್ನಾದರೂ ಬೆಳಕಿಗೆ ಎತ್ತಿ ಹಿಡಿದರೆ ಸಾಕು, ನೇಯ್ದವರ ಹೆಸರು ಹೇಳಿಬಿಡುವಳು. ಒಬ್ಬಳದು ಬಿಗಿ, ಒಬ್ಬಳದು ಸಡಿಲ, ಪಕ್ಕದ ಮನೆಯ ಔರಿಸ್ತೆಲಾಳದು ಸ್ವಲ್ಪ ಬಲಕ್ಕೆ ಎಳೆಯುತ್ತದೆ. ಮುಖ ಮರೆತರೂ ಅವಳು ಕೈ ಮರೆತವಳಲ್ಲ. ವ್ಯಾಪಾರಿಗಳು ಇಬ್ಬರ ಕೆಲಸ ಒಂದೇ ಟೋಪಿಯಲ್ಲಿ ಸೇರಿದೆಯೇ ಎಂದು ತಿಳಿಯಲು ಅವಳ ಹತ್ತಿರವೇ ಬರುತ್ತಿದ್ದರು.

ಮಗಳು ಲಿಸ್ಬೆತ್ ಮಾಂತಾ ಬಂದರಿನ ಮೀನಿನ ಕಾರ್ಖಾನೆಯಲ್ಲಿ ಡಬ್ಬಿ ತುಂಬುವ ಕೆಲಸಕ್ಕೆ ಸೇರಿದ ಮೇಲೆ ಮೊಮ್ಮಗಳು ನೆಯ್ಸಿ ಅಜ್ಜಿಯ ಪಾಲಿಗೆ ಬಂದಳು. ಆಗ ಅವಳಿಗೆ ಐದು ವರ್ಷ. ಬಾಯಿ ಎಂದರೆ ಬಾಯಿ. ಕೋಳಿಗಳಿಗೆ ಹೆಸರಿಟ್ಟು ಅವುಗಳ ಜಗಳ ಬಗೆಹರಿಸುವಳು, ಊಟದ ಮಧ್ಯೆ ಮೂರು ಕತೆ ಹೇಳುವಳು. "ನೀರು ಕುಡಿಯೋವಾಗಾದ್ರೂ ಸುಮ್ನಿರೇ, ನೆತ್ತಿಗೇರುತ್ತೆ" ಎಂದು ಡೊರಿಲಾ ಗದರುತ್ತಿದ್ದಳು. ಗದರಿ ಆ ಕಡೆ ತಿರುಗಿ ನಗುತ್ತಿದ್ದಳು, ಯಾರಿಗೂ ಕಾಣದ ಹಾಗೆ.

ಏಳು ವರ್ಷ ತುಂಬಿದಾಗ ನೆಯ್ಸಿ ತನ್ನ ಮೊದಲ ಟೋಪಿ ಶುರು ಮಾಡಿದಳು. ನೆತ್ತಿಯ ಚಕ್ರ ಎದ್ದು, ಸುತ್ತಿನ ಮೇಲೆ ಸುತ್ತು ಬರತೊಡಗಿದಾಗ ಡೊರಿಲಾ ಅದನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದಳು. ಸಣ್ಣ, ಬಿಗಿ, ಒಂದೇ ಸಮನಾದ ಕೈ. ತಪ್ಪು ಹುಡುಕಲು ಹೋಗಿ ಏನೂ ಸಿಗದೆ ವಾಪಸು ಕೊಟ್ಟಳು. ನಮ್ಮ ಲೋಮಾ ಸೆಕಾದಲ್ಲಿ ಹೆಣ್ಣುಮಗು ನೇಯ್ದ ಮೊದಲ ಟೋಪಿ ಧರ್ಮತಾಯಿಗೆ, ಅಂದರೆ ಜ್ಞಾನಸ್ನಾನದ ದಿನ ಮಗುವನ್ನು ಎತ್ತಿಕೊಂಡವಳಿಗೆ ಸಲ್ಲಬೇಕು. ನೆಯ್ಸಿಯನ್ನು ಎತ್ತಿಕೊಂಡವಳು ಔರಿಸ್ತೆಲಾ. ಅಂದಿನಿಂದ ಇಬ್ಬರು ಮುದುಕಿಯರೂ ಒಬ್ಬರನ್ನೊಬ್ಬರು 'ಕೊಮಾದ್ರೆ' ಎಂದು ಕರೆಯುತ್ತಿದ್ದರು. ಒಡಹುಟ್ಟಿದವಳಿಗಿಂತ ಒಂದು ಕೈ ಮಿಗಿಲು ಆ ಸಂಬಂಧ. ಔರಿಸ್ತೆಲಾ ದಿನಾ ಮಧ್ಯಾಹ್ನ ಡೊರಿಲಾಳ ಬೂದಿಯೊಲೆಯಲ್ಲಿ ಬಾಳೆಕಾಯಿ ಸುಟ್ಟುಕೊಳ್ಳಲು, ಕಂಬಗಳ ಮೇಲೆ ನಿಂತ ಆ ಮನೆಗೆ ಏಣಿ ಹತ್ತಿ ಬರುವಳು. ಬಂದಾಗಲೆಲ್ಲ ಅಚ್ಚಿನ ಮೇಲಿನ ಟೋಪಿಯನ್ನು ಸವರಿ, "ಏನೇ, ನನ್ನ ತಲೆ ಬಿಸಿಲಲ್ಲಿ ಕಾಯ್ತಿದೆ, ಬೇಗ ಮುಗಿಸೇ" ಎಂದು ಮಗುವನ್ನು ಕೆಣಕುವಳು.

ಬೇಸಿಗೆ ಕಳೆದು ಮೋಡ ಕವಿಯುವ ತಿಂಗಳಲ್ಲಿ ಮೊದಲ ಕೆಟ್ಟ ಸುತ್ತು ಕಂಡಿತು.

ನೆಯ್ಸಿ ಬೆಳಿಗ್ಗೆ ಶಾಲೆಗೆ ಹೋಗಿ, ಮಧ್ಯಾಹ್ನ ಉಂಡು ಮಲಗಿ, ನಾಲ್ಕಕ್ಕೆ ಎದ್ದು ನೇಯಲು ನಿಲ್ಲುತ್ತಿದ್ದಳು. ಆ ಹೊತ್ತಿಗೆ ಡೊರಿಲಾ ಮನೆಯ ಕೆಳಗೆ, ಕಂಬಗಳ ನಡುವಿನ ನೆರಳಿನಲ್ಲಿ ಹುಲ್ಲು ಸೀಳುತ್ತ ಕೂತಿರುವಳು. ಕತ್ತಲಾಗುವ ಮುಂಚೆ ಮೇಲೆ ಬಂದು ಅಂದಿನ ಕೆಲಸ ನೋಡುವಳು. ಅಂದು ನೋಡಿದರೆ ಆ ದಿನದ ಮೊದಲ ಸುತ್ತು ಸಡಿಲ, ಬಲಕ್ಕೆ ಎಳೆದಿದೆ, ಎರಡು ಕಡೆ ಎಳೆ ತಪ್ಪಿದೆ. ಅದರ ಮೇಲಿನ ಎರಡು ಸುತ್ತು ಎಂದಿನಂತೆ ಬಿಗಿ. ಮರುದಿನವೂ ಹಾಗೆಯೇ. ಮೂರನೆಯ ದಿನವೂ.

ಡೊರಿಲಾಳ ಮೂಗಿಗೆ ವಾಸನೆ ಹತ್ತಿತು. ಒಂದೇ ದಿನದ ಕೆಲಸದಲ್ಲಿ ಎರಡು ಕೈ. ಮಲಗಿದ್ದ ಹೊತ್ತಿನಲ್ಲಿ ಯಾರೋ ಬಂದು ಒಂದು ಸುತ್ತು ನೇಯ್ದು ಹೋಗುತ್ತಿದ್ದಾರೆ. ಬಲಕ್ಕೆ ಎಳೆಯುವ ಕೈ ಯಾರದು? ಮಧ್ಯಾಹ್ನ ಮನೆಗೆ ಬರುವವರು ಯಾರು? ಊರ ಹಬ್ಬಕ್ಕೆ ಹೊಸ ಟೋಪಿ ಹಾಕಿಕೊಂಡು ಮೆರೆಯಬೇಕೆಂಬ ಅವಸರ ಯಾರಿಗೆ?

ಅವಳು ನೆಯ್ಸಿಯನ್ನು ಎದುರಿಗೆ ನಿಲ್ಲಿಸಿ ಆ ಸುತ್ತಿನ ಮೇಲೆ ಬೆರಳಿಟ್ಟಳು. "ಇದನ್ನ ಯಾರು ನೇಯ್ದಿದ್ದು?"

ನೆಯ್ಸಿ ಅಜ್ಜಿಯ ಬಾಯಿಯನ್ನೇ ನೋಡಿದಳು. ಈಚೆಗೆ ಅವಳಿಗೆ ಏನನ್ನೂ ಎರಡೆರಡು ಸಲ ಹೇಳಬೇಕಾಗುತ್ತಿತ್ತು.

"ಯಾರೇ ನೇಯ್ದಿದ್ದು? ತೋರ್ಸು."

ಮಗು ಏನೋ ಹೇಳಲು ಬಾಯಿ ತೆರೆಯಿತು, ಹೇಳಲಿಲ್ಲ. ಬಲಗೈಯನ್ನು ಉದ್ದಕ್ಕೆ ಚಾಚಿತು, ಬೆರಳು ಅಗಲಿಸಿ. ಡೊರಿಲಾ ಆ ಕೈ ಚಾಚಿದ ದಿಕ್ಕಿಗೆ ತಿರುಗಿದಳು. ಕಿಟಕಿ. ಕಿಟಕಿಯಾಚೆ ಔರಿಸ್ತೆಲಾಳ ಮನೆ.

ಇನ್ನೇನು ಬೇಕು? ಮರುದಿನ ಔರಿಸ್ತೆಲಾ ಬಾಳೆಕಾಯಿಯ ತಟ್ಟೆ ಹಿಡಿದು ಏಣಿ ಹತ್ತಿದಾಗ ಡೊರಿಲಾ ಬಾಗಿಲಲ್ಲೇ ಟೋಪಿ ಹಿಡಿದು ನಿಂತಿದ್ದಳು.

"ಕೊಮಾದ್ರೆ, ನಿನ್ನ ಟೋಪಿ ನೀನೇ ನೇಯ್ಕೊಳೋದಾದ್ರೆ ನಿನ್ನ ಮನೇಲೇ ನೇಯ್ಕೋ. ಮಗುವಿನ ಕೆಲಸಕ್ಕೆ ಯಾಕೆ ಕೈ ಹಾಕ್ತೀಯ?"

ಔರಿಸ್ತೆಲಾ ಮೊದಲು ತಮಾಷೆಯೆಂದು ನಕ್ಕಳು. ಡೊರಿಲಾ ನಗಲಿಲ್ಲ.

"ನನ್ನ ಕಣ್ಣಿಗೆ ತಟ್ಟೇಲಿರೋ ಬಾಳೆಕಾಯೇ ನೆಟ್ಟಗೆ ಕಾಣಲ್ಲ. ಎರಡು ವರ್ಷ ಆಯ್ತು ನಾನು ಅಚ್ಚು ಎತ್ತಿಟ್ಟು. ನಾನು ಕದ್ದು ನೇಯ್ತೀನಾ?"

"ಕಣ್ಣು ಕಾಣದೋರ ಕೆಲಸದ ಹಾಗೇ ಇದೆ. ಮಗುನೇ ಕೈ ತೋರಿಸ್ತು."

"ನೆಯ್ಸಿ? ನನ್ನ ಕಡೆ?"

"ನಿನ್ನ ಮನೆ ಕಡೆಗೇ."

ಔರಿಸ್ತೆಲಾಳ ಮುಖ ಸಪ್ಪಗಾಯಿತು. ಹಸಿ ಬಾಳೆಕಾಯಿಯ ತಟ್ಟೆ ಹಿಡಿದುಕೊಂಡೇ ಅವಳು ಏಣಿ ಇಳಿದಳು. "ಅರವತ್ತು ವರ್ಷ ನಿನ್ನ ಜೊತೆ ಏಗಿದ್ದೀನಿ, ಡೊರಿಲಾ. ಸಾಕು." ಕೊಮಾದ್ರೆ ಎನ್ನಲಿಲ್ಲ. ಅಂದಿನಿಂದ ಅವಳ ಕಿಟಕಿ ಮುಚ್ಚಿತು.

ಡೊರಿಲಾಳಿಗೆ ಗೆದ್ದ ಹಾಗೆ ಅನಿಸಿದ್ದು ಒಂದೇ ದಿನ. ಮರುದಿನ ಔರಿಸ್ತೆಲಾ ಬರಲಿಲ್ಲ, ಕೆಟ್ಟ ಸುತ್ತು ಬಂತು. ಅದರ ಮರುದಿನವೂ ಬಂತು. ಯಾರೂ ಸುಳಿಯದ ಮನೆಯಲ್ಲಿ ನೇಯುವವರು ಯಾರು? ಕದ್ದು ಬರುತ್ತಿದ್ದಾಳೆ ಎಂದುಕೊಂಡಳು. ಒಲೆಯ ಬೂದಿಯನ್ನು ಜರಡಿ ಹಿಡಿದು, ಮಗು ಮಲಗಿದ ಮೇಲೆ ಬಾಗಿಲಿನಿಂದ ಅಚ್ಚಿನವರೆಗೂ ತೂಗುಮಂಚದ ಸುತ್ತಲೂ ತೆಳ್ಳಗೆ ಚೆಲ್ಲಿದಳು. ಆಮೇಲೆ ಅಡುಗೆಕೋಣೆಗೆ ಹೋಗಿ, ಬಿದಿರು ಗೋಡೆಯ ಸಂದಿಗೆ ಕಣ್ಣಿಟ್ಟು ಕೂತಳು. ಸೆಕೆಗೆ ಬೆವರು ಹುಬ್ಬಿನಿಂದ ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

ಯಾರೂ ಬರಲಿಲ್ಲ. ಕೋಳಿಯೊಂದು ಬಾಗಿಲವರೆಗೆ ಬಂದು ಬೂದಿ ನೋಡಿ ಹಿಂದಿರುಗಿತು.

ಸ್ವಲ್ಪ ಹೊತ್ತಿಗೆ ತೂಗುಮಂಚದ ಹಗ್ಗ ಕಿರ್ರೆಂದಿತು. ಗಾಳಿ ಇರಲಿಲ್ಲ. ಮತ್ತೆ ಕಿರ್, ಕಿರ್, ಕಿರ್, ಒಂದೇ ಲಯದಲ್ಲಿ. ಡೊರಿಲಾ ಉಸಿರು ಬಿಗಿಹಿಡಿದು ನೋಡಿದಳು. ನೆಯ್ಸಿಯ ಕಣ್ಣುಗಳು ಅರೆತೆರೆದಿದ್ದವು, ಬಿಳಿ ಮಾತ್ರ ಕಾಣುತ್ತಿತ್ತು. ಬಾಯಿಯ ಎಡತುದಿ ಎಳೆದೆಳೆದು ಬಿಡುತ್ತಿತ್ತು. ಎಡಗೈ ಯಾರೋ ದಾರ ಕಟ್ಟಿ ಜಗ್ಗಿದಂತೆ ಅದುರುತ್ತಿತ್ತು. ಜೊಲ್ಲು ಕಿವಿಯ ಕಡೆಗೆ ಹರಿಯಿತು. ಒಂದು ನಿಮಿಷವೂ ಇರಲಾರದು, ನಿಂತಿತು. ಮಗು ಒಂದು ನಿಟ್ಟುಸಿರು ಬಿಟ್ಟು ನಿದ್ದೆ ಮುಂದುವರಿಸಿತು. ಡೊರಿಲಾ ಅಲ್ಲೇ ಕೂತಿದ್ದಳು. ಏನು ಕಂಡೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಮಕ್ಕಳು ಕನಸು ಕಂಡು ಕೈಕಾಲು ಆಡಿಸುತ್ತವೆ ಎಂದುಕೊಂಡಳು.

ನಾಲ್ಕಕ್ಕೆ ನೆಯ್ಸಿ ಎದ್ದು, ಬೂದಿಯ ಮೇಲೆ ಪುಟ್ಟ ಹೆಜ್ಜೆ ಮೂಡಿಸಿಕೊಂಡು ಅಚ್ಚಿನ ಹತ್ತಿರ ಹೋದಳು. ಕೈ ಒದ್ದೆ ಮಾಡಿಕೊಂಡಳು. ನೇಯ್ದಳು. ಎಡಗೈ ಎಳೆಯನ್ನು ಹಿಡಿಯುತ್ತಲೇ ಇರಲಿಲ್ಲ. ಬಲಗೈ ಒಂದೇ ಎಳೆಯುತ್ತಿತ್ತು, ಬಲಕ್ಕೆ.

ಆಗಲಾದರೂ ಡೊರಿಲಾ ತಿಳಿದುಕೊಳ್ಳಬಹುದಿತ್ತು. ಆದರೆ ಅನುಮಾನ ಒಂದು ಮನೆ ಬಿಟ್ಟರೆ ಪಕ್ಕದ ಮನೆಗೆ ಹೋಗುತ್ತದೆ, ಊರು ಬಿಟ್ಟು ಹೋಗುವುದಿಲ್ಲ. ಇವಳು ಬೇಕೆಂದೇ ಕೆಡಿಸುತ್ತಿದ್ದಾಳೆ, ನೇಯುವ ಕೆಲಸ ತಪ್ಪಿಸಿಕೊಳ್ಳಲು ನಾಟಕವಾಡುತ್ತಿದ್ದಾಳೆ ಎಂದು ತೀರ್ಮಾನಿಸಿ, ಒಳಗೆ ನುಗ್ಗಿ, ಸೌಟಿನ ಹಿಡಿಯಿಂದ ಮಗುವಿನ ಕೈಗೆ ಒಂದು ಹಾಕಿದಳು. ನೆಯ್ಸಿ ಅಳಲಿಲ್ಲ. ಹೊಡೆತ ಬಿದ್ದ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದಳು. ಆ ನೋಟ ಡೊರಿಲಾಳಿಗೆ ಸಾಯುವವರೆಗೂ ಮರೆಯುವಂಥದ್ದಲ್ಲ, ಮರೆಯಲೂ ಬಾರದು.

ಆಮೇಲೆ ಒಂದೊಂದೇ ಕೈಬಿಡತೊಡಗಿತು. ಶಾಲೆಯ ಟೀಚರು ಹೇಳಿಕಳಿಸಿದರು: ಕರೆದರೆ ತಿರುಗುವುದಿಲ್ಲ, ಬರೆದದ್ದು ಮರುದಿನಕ್ಕೆ ನೆನಪಿರುವುದಿಲ್ಲ, ಪಕ್ಕದವರನ್ನು ಚಿವುಟುತ್ತಾಳೆ. ಕಿವುಡೇ ಎಂದು ನೋಡಲು ಡೊರಿಲಾ ಬೆನ್ನ ಹಿಂದೆ ತಟ್ಟೆ ಬೀಳಿಸಿದಳು. ನೆಯ್ಸಿ ಬೆಚ್ಚಿ ತಿರುಗಿದಳು. ಕೇಳುತ್ತದೆ, ಆದರೆ ಮಾತು ಮಾತಾಗಿ ಒಳಗೆ ಹೋಗುತ್ತಿಲ್ಲ. ಕೋಳಿಗಳ ಹೆಸರು ಹೋಯಿತು. ಉಪ್ಪು, ನೀರು, ಚಮಚ ಹೋದವು. ಕೊನೆಗೆ 'ಅಜ್ಜಿ' ಮತ್ತು 'ಬೇಡ' ಉಳಿದವು. ಇಡೀ ದಿನ ಮಾತಾಡಿ ತಲೆ ತಿನ್ನುತ್ತಿದ್ದ ಮಗು ಇರುವ ಮನೆ ಅಷ್ಟು ಸದ್ದಿಲ್ಲದೆ ಇರುವುದನ್ನು ಡೊರಿಲಾಳಿಂದ ಸಹಿಸಲಾಗಲಿಲ್ಲ. ಹೇಗಾದರೂ ಇವಳ ಬಾಯಿಂದ ಮತ್ತೆ ಮಾತು ಹೊರಡಲಿ, ನಾನು ಇನ್ನು ಸುಮ್ಮನಿರು ಎನ್ನುವುದಿಲ್ಲ ಎಂದು ಹರಕೆ ಹೊತ್ತಳು.

ಬಹಳ ತಿಂಗಳ ಮೇಲೆ ಒಂದು ಭಾನುವಾರ ಲಿಸ್ಬೆತ್ ಬಂದಳು. ಮೈಯಿಂದ ಮೀನಿನ ವಾಸನೆ ಹೋಗುವ ಹಾಗೆ ಸ್ನಾನ ಮಾಡಿ ಮಗಳನ್ನು ಅಪ್ಪಿಕೊಂಡರೆ ಮಗಳು ದೂಡಿದಳು.

"ಅಮ್ಮಾ, ಏನ್ ಮಾಡಿದ್ದೀಯ ನನ್ನ ಮಗೂಗೆ?"

"ನಾನೇನು ಮಾಡ್ಲಿ? ಯಾರೋ ಕಣ್ಣು ಹಾಕಿದ್ದಾರೆ."

"ಯಾರು?"

ಡೊರಿಲಾ ಔರಿಸ್ತೆಲಾಳ ಮುಚ್ಚಿದ ಕಿಟಕಿಯನ್ನು ಗದ್ದದಿಂದಲೇ ತೋರಿಸಿದಳು. ದೃಷ್ಟಿ ತೆಗೆಯಲು ಮೊಟ್ಟೆಯನ್ನು ಮಗುವಿನ ತಲೆಯಿಂದ ಕಾಲಿನವರೆಗೆ ಇಳಿಸಿ ಒಡೆದು ನೋಡಿದ್ದಾಯಿತು. ಮೊಟ್ಟೆ ಚೆನ್ನಾಗಿಯೇ ಇತ್ತು. ಡೊರಿಲಾ ಮೊಟ್ಟೆಯನ್ನೂ ನಂಬಲಿಲ್ಲ.

ಲಿಸ್ಬೆತ್ ಒಂದು ವಾರ ರಜೆ ಹಾಕಿ ಇಬ್ಬರನ್ನೂ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ನೆಯ್ಸಿಯ ತಲೆಗೆ ತಂತಿಗಳನ್ನು ಅಂಟಿಸಿ ಮೆದುಳಿನ ಪರೀಕ್ಷೆ ಮಾಡಿದರು. ಕಾಗದದ ಮೇಲೆ ಗೆರೆಗಳು ಬಂದವು. ಡಾಕ್ಟರು ಅದನ್ನು ನೋಡಿ ಪಕ್ಕಕ್ಕಿಟ್ಟರು.

"ಅಂಥದ್ದೇನೂ ಇಲ್ಲ. ತಾಯಿ ದೂರ ಇರೋದಕ್ಕೆ ಹಟ ಮಾಡ್ತಿದ್ದಾಳೆ. ಅಜ್ಜಿ ಮುದ್ದು ಬೇರೆ."

"ಮುದ್ದಾ? ನಾನಾ?" ಎಂದಳು ಡೊರಿಲಾ. ಬೇರೆ ದಿನವಾಗಿದ್ದರೆ ಲಿಸ್ಬೆತ್ ನಗುತ್ತಿದ್ದಳು.

ಡೊರಿಲಾ ಎದ್ದು ಹೋಗಲಿಲ್ಲ. ಚೀಲದಿಂದ ಟೋಪಿ ತೆಗೆದು ಡಾಕ್ಟರ ಮೇಜಿನ ಮೇಲೆ, ಕಿಟಕಿಯ ಬೆಳಕಿಗೆ ಎದುರಾಗಿ ಹಿಡಿದಳು. "ಇಲ್ನೋಡಿ. ಇದು ಮಲಗಿ ಎದ್ದ ತಕ್ಷಣ ನೇಯ್ದಿದ್ದು. ಇದು ಅದೇ ದಿನ, ಒಂದು ಗಂಟೆ ಬಿಟ್ಟು. ಮತ್ತೆ ಇದು ಮಾರನೇ ದಿನ ಮಲಗಿ ಎದ್ದಮೇಲೆ. ಕಾಣುತ್ತಾ?"

"ನಾನು ಟೋಪಿ ಡಾಕ್ಟ್ರಲ್ಲಮ್ಮ."

"ಅದು ಗೊತ್ತಾಗ್ತಿದೆ. ತಂತಿ ಅಂಟಿಸಿದಾಗ ಮಗು ಎಚ್ಚರ ಇತ್ತಾ, ನಿದ್ದೇಲಿತ್ತಾ?"

"ಎಚ್ಚರ ಇತ್ತು."

"ಮತ್ತೆ? ಕೆಡೋದು ನಿದ್ದೇಲಿ. ಮನೆಯವರು ಎದ್ದಿರೋವಾಗ ಬಾಗಿಲಲ್ಲಿ ನಿಂತ್ಕೊಂಡು ಕಳ್ಳ ಬರಲೇ ಇಲ್ಲ ಅಂದ್ರೆ ಒಪ್ಕೊಳೋಕಾಗುತ್ತಾ? ನಿದ್ದೇಲಿ ನೋಡಿ."

ಲಿಸ್ಬೆತ್ ತಾಯಿಯ ತೋಳು ಜಗ್ಗಿದಳು. ಡೊರಿಲಾ ಜಗ್ಗಲಿಲ್ಲ. ತೂಗುಮಂಚದಲ್ಲಿ ಕಂಡದ್ದನ್ನು, ಅರೆತೆರೆದ ಕಣ್ಣು, ಎಳೆಯುವ ಬಾಯಿ, ಅದುರುವ ಎಡಗೈ ಎಲ್ಲವನ್ನೂ ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಡಾಕ್ಟರು ಈ ಸಲ ಪೆನ್ನು ಕೆಳಗಿಟ್ಟು ಕೇಳಿದರು. ಕೇಳಿ, ಗ್ವಾಯಾಕಿಲ್‌ನ ಮಕ್ಕಳ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಮುದುಕಿಯ ಕಾಟ ತಪ್ಪಲಿ ಎಂದು ಬರೆದರೋ, ನಂಬಿ ಬರೆದರೋ ಎಂಬುದರ ಬಗ್ಗೆ ಡೊರಿಲಾಳಿಗೆ ಇವತ್ತಿಗೂ ಅನುಮಾನವಿದೆ.

ಗ್ವಾಯಾಕಿಲ್‌ನವರು ಮಗುವಿಗೆ ಸರಿಯಾಗಿ ನಿದ್ದೆ ಕೊಡದೆ ಕರೆತರಲು ಹೇಳಿದ್ದರು, ಪರೀಕ್ಷೆಯ ಹೊತ್ತಿಗೆ ತಾನಾಗಿ ಮಲಗಲಿ ಎಂದು. ನಸುಕಿನ ಬಸ್ಸಿನಲ್ಲಿ ಡೊರಿಲಾ ನೆಯ್ಸಿಯ ಕಣ್ಣು ಮುಚ್ಚದಂತೆ ಕಚಗುಳಿಯಿಟ್ಟಳು, ಹುರಿದ ಬಾಳೆಕಾಯಿ ಚೂರು ಚೂರೇ ತಿನ್ನಿಸಿದಳು, ತನಗೆ ಬಾರದ ಹಾಡು ಹಾಡಿದಳು. ಬಸ್ಸಿನವರೆಲ್ಲ ಈ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡರು.

ತಂತಿಗಳನ್ನು ಅಂಟಿಸುತ್ತಿದ್ದಂತೆಯೇ ನೆಯ್ಸಿ ಮಲಗಿದಳು. ಡಾಕ್ಟರು ಒಬ್ಬ ಗಿಡ್ಡ ಹೆಂಗಸು, ಹೆಸರು ಸಾಮನಿಯೆಗೊ. ಡೊರಿಲಾಳನ್ನು ಪರದೆಯ ಮುಂದೆ ಕೂರಿಸಿಕೊಂಡರು. ಮಗು ಎಚ್ಚರವಿದ್ದಾಗ ಗೆರೆಗಳು ಅಲ್ಲೊಂದು ಇಲ್ಲೊಂದು ಕಡೆ ಎಗರಿದರೂ ಹೆಚ್ಚು ಕಡಿಮೆ ಶಾಂತವಾಗಿದ್ದವು. ಕಣ್ಣು ಮುಚ್ಚಿ ನಿದ್ದೆ ಹತ್ತಿದ್ದೇ ತಡ, ಪರದೆಯ ತುಂಬ ಚೂಪು ಚೂಪಾದ ಗೆರೆಗಳು ಎದ್ದವು, ಒಂದರ ಹಿಂದೆ ಒಂದು, ಬಿಡುವೇ ಇಲ್ಲ. ಹಾಸಿಗೆಯ ಮೇಲೆ ಮಗು ಮಾತ್ರ ಕದಲದೆ ಮಲಗಿತ್ತು.

"ಮೈ ಅಲುಗ್ತಿಲ್ಲವಲ್ಲ" ಎಂದಳು ಡೊರಿಲಾ.

"ಅದೇ ಮೋಸ ಅಮ್ಮ. ಮೈ ಅಲುಗೋದು ಯಾವಾಗಲೋ ಒಂದ್ಸಲ. ಮೂರ್ಛೆರೋಗದ ಸೆಳೆತ ಮಾತ್ರ ತಲೆಯೊಳಗೇ ನಡೀತಾನೇ ಇರುತ್ತೆ, ನಿದ್ದೆ ಇಡೀ."

"ದಿನಾನಾ?"

"ದಿನಾ, ನಿದ್ದೆ ಬಂದಾಗಲೆಲ್ಲ. ಮಕ್ಕಳು ಹಗಲು ಕಲಿತಿದ್ದನ್ನ ಮೆದುಳು ನಿದ್ದೇಲಿ ಓರಣ ಮಾಡಿ ಇಟ್ಕೊಳುತ್ತೆ. ಇವಳ ಮೆದುಳಿಗೆ ಆ ನಿದ್ದೇನೇ ಸಿಗ್ತಿಲ್ಲ. ಮಲಗಿದಾಳೆ, ವಿಶ್ರಾಂತಿ ಇಲ್ಲ. ಅದಕ್ಕೇ ಮಾತು, ಕೈ, ಬುದ್ಧಿ, ಎಲ್ಲಾ ಹಿಂದಕ್ಕೆ ಹೋಗ್ತಿದೆ. ಇನ್ನೂ ಒಂದೆರಡು ವರ್ಷ ಹೀಗೇ ಬಿಟ್ಟಿದ್ರೆ ತುಂಬಾ ಕಷ್ಟ ಆಗೋದು."

"ಇವಳು ಬೇಕಂತ ಮಾಡಿದ್ದಲ್ಲ?"

"ಅಲ್ಲ."

ಡೊರಿಲಾ ತನ್ನ ಬಲಗೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡಳು, ಸೌಟು ಹಿಡಿದಿದ್ದ ಕೈ. ಇಷ್ಟು ದಿನ "ಸುಸ್ತಾಗಿದೆ ಪಾಪ, ಮಲಗಲಿ" ಎಂದು ಅವಳು ಮಗುವನ್ನು ಇನ್ನೂ ಒಂದು ಗಂಟೆ ಹೆಚ್ಚಿಗೆ ಮಲಗಿಸುತ್ತಿದ್ದಳು. ತೂಗುಮಂಚವನ್ನು ತಾನೇ ತೂಗುತ್ತಿದ್ದಳು. ಲಿಸ್ಬೆತ್ ಗೋಡೆಗೆ ಒರಗಿ ಅಳುತ್ತಿದ್ದಳು.

ಬೆಳಿಗ್ಗೆ ಒಂದು ಮಾತ್ರೆ, ಮಲಗುವಾಗ ಒಂದು. ಡಾಕ್ಟರು ಮೂರು ಸಲ ಹೇಳಿದರು: ಮುಖ ಊದಿಕೊಳ್ಳುತ್ತೆ, ಹಸಿವು ಜಾಸ್ತಿಯಾಗುತ್ತೆ, ಸಿಟ್ಟು ಬರುತ್ತೆ, ಆದರೂ ನಮ್ಮನ್ನು ಕೇಳದೆ ನಿಲ್ಲಿಸಬೇಡಿ. ಡೊರಿಲಾ ಊರಿಗೆ ಬಂದ ದಿನವೇ ಮಾತ್ರೆಯನ್ನು ನಾಲಿಗೆಯ ತುದಿಗಿಟ್ಟು ರುಚಿ ನೋಡಿದಳು. ಕಹಿ. ಕಹಿ ಇರುವುದಕ್ಕೇ ಸ್ವಲ್ಪ ನಂಬಿಕೆ ಬಂತು. ಆದರೆ ಮೂರು ವಾರಕ್ಕೆ ನೆಯ್ಸಿಯ ಮುಖ ಹುಣ್ಣಿಮೆಯಂತೆ ದುಂಡಗಾಗಿ, ಸಿಕ್ಕಿದ್ದೆಲ್ಲ ತಿನ್ನಲು ಶುರುಮಾಡಿದಾಗ ಅವಳಿಗೆ ದಿಗಿಲಾಯಿತು. ಇವರು ಮಗುವನ್ನು ಉಬ್ಬಿಸುತ್ತಿದ್ದಾರೆಯೇ ಹೊರತು ವಾಸಿ ಮಾಡುತ್ತಿಲ್ಲ. ಮಾತ್ರೆಯ ಡಬ್ಬಿಯನ್ನು ಕೈಯಲ್ಲಿ ಹಿಡಿದು ಮಣ್ಣಲ್ಲಿ ಹೂಳಿಬಿಡಲೇ ಎಂದು ಎಷ್ಟೋ ಸಲ ಯೋಚಿಸಿದಳು.

ಹೂಳಲಿಲ್ಲ. ಅವಳು ನಂಬುವ ಸಾಕ್ಷಿ ಒಂದೇ ಇತ್ತು. ಮೊದಲ ಟೋಪಿಯನ್ನು ಪಕ್ಕಕ್ಕಿಟ್ಟು, ಬೇರೆ ಹುಲ್ಲಿನಲ್ಲಿ ಅಂಗೈಯಗಲದ ಚಕ್ರ ಹಾಕಿಕೊಟ್ಟು, ದಿನಾ ಮಧ್ಯಾಹ್ನ ಮಲಗಿ ಎದ್ದ ಕೂಡಲೇ ನೆಯ್ಸಿಯಿಂದ ಒಂದು ಸುತ್ತು ನೇಯಿಸುವಳು. ಒಂದು ವಾರಕ್ಕೆ ಒಂದು ಚಕ್ರ. ಅದನ್ನು ಗೋಡೆಗೆ ತೂಗುಹಾಕುವಳು. ಗ್ವಾಯಾಕಿಲ್‌ಗೆ ಮತ್ತೆ ಹೋಗುವಾಗ ಅವನ್ನೆಲ್ಲ ದಾರಕ್ಕೆ ಪೋಣಿಸಿಕೊಂಡು ಒಯ್ಯುವಳು. ಡಾಕ್ಟರು ತಮ್ಮ ಗೆರೆಗಳನ್ನೂ ಅವಳ ಚಕ್ರಗಳನ್ನೂ ಅಕ್ಕಪಕ್ಕ ಇಟ್ಟು, "ನಿಮ್ಮದು ನನ್ನದಕ್ಕಿಂತ ಸುಲಭವಾಗಿ ಓದಬಹುದು" ಎಂದರು. ಹೊಗಳಿಕೆಯ ಹಿಂದೆ ಏನೋ ಇರಬೇಕೆಂದು ಡೊರಿಲಾ ಎರಡು ದಿನ ಯೋಚಿಸಿದಳು.

ಒಂಬತ್ತನೆಯ ಚಕ್ರದಲ್ಲಿ ಎಡಗೈ ಎಳೆ ಹಿಡಿದ ಗುರುತು ಕಂಡಿತು. ಹನ್ನೆರಡನೆಯದು ಬಲಕ್ಕೆ ಎಳೆಯಲಿಲ್ಲ. ಡೊರಿಲಾ ಅದನ್ನು ಸೂರ್ಯನಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದಳು. ಹಳೆಯ ಕೈ ಅಲ್ಲ. ಅದರಷ್ಟು ಬಿಗಿಯಿಲ್ಲ, ಅದರಷ್ಟು ಸಣ್ಣದಲ್ಲ. ಆದರೆ ಸಮನಾಗಿದೆ. ಅವಳಿಗೆ ಪರಿಚಯವಿಲ್ಲದ ಹೊಸ ಕೈಯೊಂದು ಮನೆಗೆ ಬಂದಿತ್ತು.

ಮಾತು ತಡವಾಗಿ ಬಂತು. ಮೊದಲು ನೀರು, ಆಮೇಲೆ ಕೋಳಿ, ಆಮೇಲೆ ಒಂದು ದಿನ "ಉಪ್ಪಿಲ್ಲ" ಎಂದು ಸೂಪಿನ ಬಟ್ಟಲು ದೂಡಿದಳು. ಡೊರಿಲಾ ಆ ತಕರಾರು ಕೇಳಿ ಅಡುಗೆಕೋಣೆಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ಹಳೆಯ ಹರಟೆ ಹಿಂದಿರುಗಲಿಲ್ಲ. ಡಾಕ್ಟರೂ ಎಲ್ಲ ಹಿಂದಿರುಗುತ್ತದೆಂದು ಮಾತು ಕೊಟ್ಟಿರಲಿಲ್ಲ. ನೆಯ್ಸಿ ಈಗ ಪದ ಹುಡುಕಿ, ಇದೇನಾ ಎಂದು ನೋಡಿ, ಆಮೇಲೆ ಆಡುತ್ತಿದ್ದಳು. ಶಾಲೆಯಲ್ಲಿ ಒಂದು ತರಗತಿ ಹಿಂದೆ ಕೂತಳು.

ಪಕ್ಕಕ್ಕಿಟ್ಟಿದ್ದ ಮೊದಲ ಟೋಪಿಯನ್ನು ಅವಳು ಮುಗಿಸಿದ್ದು ಮುಂದಿನ ಬೇಸಿಗೆ ಕಳೆದ ಮೇಲೆ. ಅಂಚು ಕಟ್ಟಿ, ಉಳಿದ ಎಳೆ ಕತ್ತರಿಸಿ, ಅಜ್ಜಿಯ ಕೈಗಿಟ್ಟಳು. ಡೊರಿಲಾ ಬೆಳಕಿಗೆ ಹಿಡಿದಳು. ನೆತ್ತಿ ಬಿಗಿ, ನಡುವಿನಲ್ಲಿ ಸಡಿಲವಾದ ಪಟ್ಟೆ, ಆಮೇಲೆ ಹೊಸ ಕೈ.

"ಚೆನ್ನಾಗಿದೆ. ನಿನ್ನ ಅಮ್ಮಂಗೆ ಕೊಡೋಣ."

ನೆಯ್ಸಿ ತಲೆಯಾಡಿಸಿದಳು. "ಔರಿಸ್ತೆಲಾ."

"ಅವಳಿಗ್ಯಾಕೆ? ಶುರುವಿನಲ್ಲಿ ನಿನ್ನ ಕೆಲಸಕ್ಕೆ ಕೈ ಹಾಕಿದವಳು ಅವಳು. ಆಮೇಲಿನದು ನಿನ್ನ ಕಾಯಿಲೆ, ಒಪ್ಪಿದೆ. ಆದ್ರೆ ಮೊದಲನೇ ಕೆಟ್ಟ ಸುತ್ತು ಅವಳದೇ. ನೀನೇ ತಾನೇ ಅವಳ ಮನೆ ತೋರಿಸಿದ್ದು?"

ಇಷ್ಟೆಲ್ಲ ಆದಮೇಲೂ ಡೊರಿಲಾ ಆ ಒಂದು ಎಳೆ ಬಿಟ್ಟಿರಲಿಲ್ಲ. ಮಗು ತೋರಿಸಿದೆ, ಮಗು ಸುಳ್ಳು ಹೇಳುವುದಿಲ್ಲ. ಒಂದು ವರ್ಷದಿಂದ ಪಕ್ಕದ ಕಿಟಕಿ ಮುಚ್ಚಿದ್ದು ತನ್ನ ತಪ್ಪಲ್ಲ ಎನ್ನಲು ಅವಳಲ್ಲಿ ಉಳಿದದ್ದು ಅದೊಂದೇ.

ನೆಯ್ಸಿ ಪದ ಹುಡುಕಿದಳು. ಹುಡುಕುವಾಗ ಅವಳ ಹುಬ್ಬು ಗಂಟಾಗುತ್ತಿತ್ತು.

"ಮನೆ ಅಲ್ಲ," ಎಂದಳು. "ನನ್ ಕೈ."

"ಏನು?"

"ಅಜ್ಜಿ ಕೇಳ್ದೆ, ಯಾರು. ಮಾತು ಬರ್ಲಿಲ್ಲ." ಅವಳು ಬಲಗೈಯನ್ನು ಉದ್ದಕ್ಕೆ ಚಾಚಿ, ಬೆರಳು ಅಗಲಿಸಿದಳು, ಅಂದಿನಂತೆಯೇ. "ಇದು. ಇದು ನೇಯ್ತು. ಅಜ್ಜಿ ಕಿಟಕಿ ನೋಡ್ದೆ."

ಡೊರಿಲಾ ಅಚ್ಚು ಹಿಡಿದುಕೊಂಡು ಕುಳಿತಳು. ಎಪ್ಪತ್ತೊಂದು ವರ್ಷ ಮೊಟ್ಟೆ, ಉಂಗುರ, ಗಂಡ, ಪಾದ್ರಿ, ಡಾಕ್ಟರು, ಯಾರನ್ನೂ ಬಿಡದೆ ಅನುಮಾನಿಸಿದವಳು ತನ್ನ ಕಣ್ಣನ್ನು ಒಂದು ದಿನವೂ ಅನುಮಾನಿಸಿರಲಿಲ್ಲ. ಮಗು ಮಾತು ಕಳೆದುಕೊಳ್ಳುತ್ತ, ಉಳಿದಿದ್ದ ಒಂದೇ ದಾರಿಯಲ್ಲಿ ನಿಜ ಹೇಳಿತ್ತು. ಅವತ್ತೇ ಆ ಕೈ ನೋಡಿದ್ದರೆ ಐದಾರು ತಿಂಗಳು ಮುಂಚೆ ಆಸ್ಪತ್ರೆಗೆ ಹೋಗಬಹುದಿತ್ತು. ಆ ಐದಾರು ತಿಂಗಳಲ್ಲಿ ಹೋದ ಮಾತುಗಳಲ್ಲಿ ಎಷ್ಟು ಉಳಿಯುತ್ತಿದ್ದವೋ, ಅದನ್ನು ಹೇಳುವ ಡಾಕ್ಟರು ಗ್ವಾಯಾಕಿಲ್‌ನಲ್ಲಿಯೂ ಇಲ್ಲ.

ಸಂಜೆ ಅವಳು ಮಗುವಿನ ಕೈ ಹಿಡಿದು ಪಕ್ಕದ ಮನೆಯ ಏಣಿ ಹತ್ತಿದಳು. ಔರಿಸ್ತೆಲಾ ಬಾಗಿಲ ಬಳಿ ಜೋಳ ಬಿಡಿಸುತ್ತಿದ್ದಳು. ತಲೆಯೆತ್ತಲಿಲ್ಲ, ಎತ್ತಿದರೂ ಅವಳಿಗೆ ಹೆಚ್ಚು ಕಾಣುತ್ತಿರಲಿಲ್ಲ.

"ಯಾರು?"

"ನಾನು."

"ಏನು ಕಳೆದುಹೋಯ್ತು ಈ ಸಲ?"

"ಏನೂ ಇಲ್ಲ, ಕೊಮಾದ್ರೆ. ತಪ್ಪು ನನ್ನದು. ಎಲ್ಲಾ ನನ್ನದೇ." ಡೊರಿಲಾ ಮಗುವನ್ನು ಮುಂದಕ್ಕೆ ಬಿಟ್ಟಳು. "ಮಗು ಟೋಪಿ ತಂದಿದೆ."

ಔರಿಸ್ತೆಲಾ ಕೈಯ ಜೋಳದ ಸಿಪ್ಪೆ ಕೊಡವಿಕೊಂಡು ಟೋಪಿಗಾಗಿ ಕೈ ನೀಡಿದಳು. ಅವಳ ಕಣ್ಣಿನ ಕೆಲಸ ಈಗ ಬೆರಳುಗಳದ್ದು. ನೆತ್ತಿಯಿಂದ ಶುರುಮಾಡಿ ಸುತ್ತು ಸುತ್ತಾಗಿ ಸವರುತ್ತ ಬಂದ ಬೆರಳುಗಳು ನಡುವಿನ ಸಡಿಲ ಪಟ್ಟೆಯ ಮೇಲೆ ನಿಂತವು.

"ಇದನ್ನ ಯಾರು ನೇಯ್ದಿದ್ದು?"

ನೆಯ್ಸಿ ಬಲಗೈಯನ್ನು ಅವಳ ಮುಂದೆ ಚಾಚಿ, ಬೆರಳು ಅಗಲಿಸಿದಳು. ಔರಿಸ್ತೆಲಾಳಿಗೆ ಅದು ಕಾಣದು. ಡೊರಿಲಾ ಆ ಪುಟ್ಟ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ತಂದು, ಔರಿಸ್ತೆಲಾಳ ಅಂಗೈಯಲ್ಲಿಟ್ಟಳು.